ತ್ಸುಗ್‌ಶ್ಪಿಟ್ಸೆ ತಯಾರಿ: ಹೊಲ್ಲೆನ್‌ಟಾಲ್ ಕಮರಿಯ ನಡಿಗೆ

ಮುಂದಿನ ಬೇಸಿಗೆಯಲ್ಲಿ ಹೊಲ್ಲೆನ್‌ಟಾಲ್ ಕಣಿವೆಯ ಕಡೆಯಿಂದ ತ್ಸುಗ್‌ಶ್ಪಿಟ್ಸೆ ಹತ್ತಬೇಕು ಅನ್ನೋದು ನಮ್ಮ ಯೋಜನೆ. ಜರ್ಮನಿಯ ಅತಿ ಎತ್ತರದ ಬೆಟ್ಟ, 2962 ಮೀಟರ್. ಬುಡದ ಹಳ್ಳಿ ಹಾಮರ್ಸ್‌ಬಾಖ್ ಇರುವುದು ಸುಮಾರು 760 ಮೀಟರ್ ಎತ್ತರದಲ್ಲಿ. ಅಂದರೆ ಏರಬೇಕಾದದ್ದು 2200 ಮೀಟರ್. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಅಲ್ಲಿ ಏರುವುದು ಹೆಚ್ಚುಕಡಿಮೆ 1600. ಇಲ್ಲಿ ಅದರ ಮೇಲೆ ಇನ್ನೊಂದು 600, ಜೊತೆಗೆ ಕಬ್ಬಿಣದ ಏಣಿ, ಹಿಮನದಿ.

ಅಷ್ಟು ದೂರ ಯೋಚಿಸುವ ಮೊದಲು ಕೆಳಗಿನ ಭಾಗ ಕಾಲಿಗೆ ಪರಿಚಯ ಆಗಲಿ ಅಂತ ಈ ವಾರ ಕಮರಿ ದಾಟಿ ಹಟ್ (ಚಾರಣಿಗರಿಗೆ ಊಟ, ವಸತಿ ಸಿಗುವ ಬೆಟ್ಟದ ಮನೆ) ತನಕ ಹೋಗಿ ಬಂದೆವು. ಮ್ಯೂನಿಕ್‌ನಿಂದ ಗಾರ್ಮಿಶ್‌ಗೆ ರೈಲು, ಅಲ್ಲಿಂದ ಬೆಟ್ಟದ ರೈಲಿನಲ್ಲಿ ಹಾಮರ್ಸ್‌ಬಾಖ್. ಹಳ್ಳಿಯಿಂದ ಕಾಡಿನ ದಾರಿ, ತೊರೆಯ ಪಕ್ಕದಲ್ಲೇ. ಈ ಭಾಗದ ಬಗ್ಗೆ ಹೇಳುವಂಥದ್ದೇನಿಲ್ಲ, ಬೆವರು ಅಷ್ಟೆ. ಸುಮಾರು 1050 ಮೀಟರ್ ಎತ್ತರದಲ್ಲಿ ಕಮರಿಯ ಬಾಗಿಲು, ಟಿಕೆಟ್ ಕೊಡುವ ಜಾಗ ಸಿಗುತ್ತದೆ. ಮಳೆಕೋಟು ಅಲ್ಲೇ ಹಾಕಿಕೊಂಡೆವು. ಹೊರಗೆ ಬಿಸಿಲಿದೆ ಅಂತ ಬ್ಯಾಗಿನಲ್ಲೇ ಬಿಟ್ಟರೆ ಒಳಗೆ ಪೂರ್ತಿ ನೆನೆಯುವುದು ಗ್ಯಾರಂಟಿ.

ಕಮರಿಯೊಳಗಿನ ದಾರಿ ಸುಮಾರು ಒಂದು ಕಿಲೋಮೀಟರ್. ಆದರೆ ಬೇಗ ಮುಗಿಯುವುದಿಲ್ಲ. ಒಂದು ಸುರಂಗದಿಂದ ಹೊರಬಂದರೆ ಸೇತುವೆ, ಸೇತುವೆ ದಾಟಿದರೆ ಮತ್ತೆ ಸುರಂಗ. ತಲೆ ಮೇಲೆ ತೊಟ್ಟಿಕ್ಕುವ ನೀರು, ಕಾಲ ಕೆಳಗೆ ಹಾಮರ್ಸ್‌ಬಾಖ್ ತೊರೆಯ ಗದ್ದಲ. ಪಕ್ಕದಲ್ಲಿರುವವರ ಜೊತೆ ಮಾತಾಡಬೇಕಾದರೂ ಕೂಗಬೇಕು. ಸುಣ್ಣಕಲ್ಲಿನ ಬಂಡೆಯನ್ನು ಕೊರೆದು ಈ ದಾರಿ ಮಾಡಿದ್ದು 1902ರಿಂದ 1905ರ ನಡುವೆ. ಅದಕ್ಕಿಂತ ನನಗೆ ಜಾಸ್ತಿ ಹಿಡಿಸಿದ್ದು ಇದನ್ನು ಪ್ರತಿವರ್ಷ ಉಳಿಸಿಕೊಳ್ಳುವ ಕೆಲಸ. ಚಳಿಗಾಲದಲ್ಲಿ ಮೇಲಿನಿಂದ ಹಿಮ ಕುಸಿದು ಕಮರಿಯಲ್ಲಿ ತುಂಬಿಕೊಳ್ಳುತ್ತದೆ. ಹಾಗಾಗಿ ಅದಕ್ಕೆ ಮೊದಲೇ ಸೇತುವೆಗಳನ್ನು ಬಿಚ್ಚಿಡುತ್ತಾರೆ, ವಸಂತದಲ್ಲಿ ಮತ್ತೆ ಜೋಡಿಸುತ್ತಾರೆ. ದಾರಿ ತೆರೆದಿರುವುದು ಸಾಮಾನ್ಯವಾಗಿ ಮೇಯಿಂದ ಅಕ್ಟೋಬರ್ ತನಕ.

ಗುಡುಗುಮಳೆಯ ಮುನ್ಸೂಚನೆ ಇದ್ದರೆ ಇಲ್ಲಿಗೆ ಬರಲೇಬಾರದು. 2021ರ ಆಗಸ್ಟ್‌ನಲ್ಲಿ ಜೋರು ಮಳೆಗೆ ನೀರು ಒಮ್ಮೆಲೇ ಏರಿ ಸೇತುವೆ ಕೊಚ್ಚಿಹೋಗಿತ್ತು, ಜೀವವೂ ಹೋಯಿತು. ಒಳಗೆ ನಿಂತು ಎರಡೂ ಕಡೆಯ ಗೋಡೆ ನೋಡಿದರೆ ಗೊತ್ತಾಗುತ್ತದೆ, ನೀರಿಗೆ ಪಕ್ಕಕ್ಕೆ ಹರಡಲು ಜಾಗವೇ ಇಲ್ಲ. ಮೇಲಕ್ಕೆ ಏರುವುದೊಂದೇ ಅದಕ್ಕಿರುವ ದಾರಿ.

ಕಮರಿ ದಾಟಿದ ಮೇಲೆ ಕಣಿವೆ ತೆರೆದುಕೊಳ್ಳುತ್ತದೆ. 1387 ಮೀಟರ್‌ನಲ್ಲಿ ಹೊಲ್ಲೆನ್‌ಟಾಲ್‌ಆಂಗರ್ ಹಟ್. ಹಳೆಯದನ್ನು ಕೆಡವಿ ಕಟ್ಟಿ, 2015ರಲ್ಲಿ ತೆರೆದ ಹೊಸ ಕಟ್ಟಡ. ಕುಸಿದ ಹಿಮ ಮೇಲಿಂದಲೇ ಜಾರಿ ಹೋಗಲಿ ಅಂತ ಮಾಡು ಒಂದೇ ಕಡೆಗೆ ಇಳಿಜಾರಾಗಿದೆ. ನೋಡಲು ಚೆನ್ನಾಗಿಲ್ಲ ಅನ್ನುವವರಿದ್ದಾರೆ. ನನಗೇನೋ ಇಷ್ಟವಾಯಿತು. ಸೂಪ್ ತಗೊಂಡು ಕೂತೆವು. ಪುಳಿಯೋಗರೆಯನ್ನು ಮಾತ್ರ ಹೊರಗೆ ಬಂಡೆ ಮೇಲೆ ಕೂತೇ ತಿಂದದ್ದು. ಹಟ್‌ನವರ ವ್ಯಾಪಾರವನ್ನೂ ನೋಡಬೇಕಲ್ವಾ.

ಅಲ್ಲಿಂದ ಮುಂದಿನ ದಾರಿಯನ್ನು ಸುಮ್ನೆ ನೋಡಿದೆವು. ಮೊದಲು ಕಬ್ಬಿಣದ ಏಣಿ, ಆಮೇಲೆ ನೆಟ್ಟಗಿನ ಬಂಡೆಗೆ ಹೊಡೆದ ಕಬ್ಬಿಣದ ಗೂಟಗಳ ಮೇಲೆ ಅಡ್ಡಲಾಗಿ ನಡೆಯುವ ಜಾಗ, ಅದಾದ ಮೇಲೆ ಹೊಲ್ಲೆನ್‌ಟಾಲ್‌ಫೆರ್ನರ್ ಹಿಮನದಿ. ಜರ್ಮನಿಯಲ್ಲಿ ಈಗ ಲೆಕ್ಕಕ್ಕಿರುವುದು ನಾಲ್ಕೇ ಹಿಮನದಿಗಳು. ಇದೇ ಬೆಟ್ಟದ ಇನ್ನೊಂದನ್ನು 2022ರಲ್ಲಿ ಪಟ್ಟಿಯಿಂದ ತೆಗೆದರು. ಹೊಲ್ಲೆನ್‌ಟಾಲ್‌ಫೆರ್ನರ್ ಉಳಿದಿರುವುದು ಸುತ್ತಲಿನ ಬಂಡೆಗೋಡೆಗಳ ನೆರಳಿನಿಂದ, ಮೇಲಿನಿಂದ ಕುಸಿದು ಸೇರುವ ಹಿಮದಿಂದ.

ಇಳಿಯುವಾಗ ಕಮರಿ ಬೇಡ ಅಂತ ಶ್ಟಾಂಗನ್‌ಶ್ಟೈಗ್ ದಾರಿ ಹಿಡಿದೆವು. ಇದು ಕಮರಿಯ ಮೇಲಿನಿಂದ ಸುತ್ತಿಕೊಂಡು ಹೋಗುತ್ತದೆ. ನಡುವೆ ಒಂದು ಕಬ್ಬಿಣದ ಸೇತುವೆ, ಕೆಳಗೆ 70 ಮೀಟರ್ ಆಳ. ಜೊತೆಗಿದ್ದ ದಾವಣಗೆರೆ ಹುಡುಗ, "ಅಣ್ಣಾ, ಮೊದ್ಲು ನೀವು ದಾಟಿ, ಆಮೇಲೆ ನೋಡೋಣ" ಅಂದ. ನಾನು ದಾಟಿದೆ. ಅವನೂ ಕಂಬಿ ಬಿಡದೆ ದಾಟಿದ, ಆದರೆ ಕೆಳಗೆ ನೋಡಲಿಲ್ಲ.

ನಮ್ಮ ಬೇಸಿಗೆಯ ಯೋಜನೆಗೆ ಸಿಕ್ಕ ಮುಖ್ಯ ಮಾಹಿತಿ ಇದೇ. ಇಬ್ಬರ ಕಾಲಿಗೂ ದಮ್ಮಿದೆ. ಇಳಿಯುವಾಗ ನನ್ನ ಮಂಡಿ ಸ್ವಲ್ಪ ಗೊಣಗಿತು, ಕೋಲು ತಗೊಂಡರೆ ಸರಿಹೋಗುತ್ತದೆ. ಆದರೆ ಎತ್ತರದ ಭಯಕ್ಕೆ ಅಭ್ಯಾಸ ಬೇಕು, ಅದಿಲ್ಲದೆ ಗೂಟಗಳ ಜಾಗಕ್ಕೆ ಅವನನ್ನು ಕರೆದುಕೊಂಡು ಹೋಗುವುದಿಲ್ಲ. ಅದಕ್ಕೇ ಈ ಚಳಿಗಾಲವಿಡೀ ಒಳಾಂಗಣದ ಕ್ಲೈಂಬಿಂಗ್ ಗೋಡೆ. ವಸಂತದಲ್ಲಿ ಹಗ್ಗ, ಹಾರ್ನೆಸ್ (ಸೊಂಟಕ್ಕೆ ಕಟ್ಟುವ ಸುರಕ್ಷತಾ ಪಟ್ಟಿ) ಹಾಕಿಕೊಂಡು, ಬಂಡೆಗೆ ಕಬ್ಬಿಣದ ತಂತಿ, ಗೂಟ ಬಿಗಿದಿರುವ ಒಂದು ಸುಲಭದ ದಾರಿ ಹತ್ತುತ್ತೇವೆ. ಬೂಟಿಗೆ ಕಟ್ಟುವ ಮುಳ್ಳುಗಳನ್ನು ಬಾಡಿಗೆಗೆ ತಂದು, ಹಿಮದ ಮೇಲೆ ನಡೆಯುವ ತರಬೇತಿಗೂ ಹೆಸರು ಕೊಡುತ್ತೇವೆ.