ಒಂದನೇ ಕ್ಲಾಸಿಗೆ ಚೀಟಿ ಎತ್ತಿದರು

27 ಮೇ 2019, ಸೋಮವಾರ

ಸರ್ಕಾರಿ ಶಾಲೆಯಲ್ಲೂ ಸೀಟಿಗೆ ನೂಕುನುಗ್ಗಲು ಅಂದರೆ ನಮ್ಮಪ್ಪ ನಗುತ್ತಾರೆ. ಅವರ ಕಾಲದಲ್ಲಿ ಮೇಷ್ಟ್ರೇ ಮನೆಮನೆ ತಿರುಗಿ, ದನ ಕಾಯುತ್ತಿದ್ದ ಹುಡುಗರನ್ನು ಹಿಡಿದುಕೊಂಡು ಹೋಗಿ ಕೂರಿಸುತ್ತಿದ್ದರಂತೆ. ಇವತ್ತು ನಮ್ಮೂರ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಲಾಟರಿ ಆಯಿತು.

ಈ ವರ್ಷ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ಸೆಕ್ಷನ್ ಶುರುವಾಗುತ್ತಿದೆ. ಕುಮಾರಸ್ವಾಮಿಯವರು ಹೋದ ವರ್ಷ ಬಜೆಟ್‌ನಲ್ಲಿ ಹೇಳಿದ್ದು. ನಮ್ಮೂರ ಶಾಲೆಯೂ ಆ ಪಟ್ಟಿಯಲ್ಲಿದೆ. ಕನ್ನಡ ಮೀಡಿಯಂ ಇದ್ದ ಹಾಗೇ ಇರುತ್ತದೆ, ಪಕ್ಕದ ಕೋಣೆಯಲ್ಲಿ ಇಂಗ್ಲಿಷ್ ಸೆಕ್ಷನ್. ಅದಕ್ಕೆ 30 ಮಕ್ಕಳು, ಒಂದೂ ಜಾಸ್ತಿ ಇಲ್ಲ.

ಜನವರಿಯಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದಲ್ಲಿ ಕಂಬಾರರು ಇದನ್ನು ಬೇಡ ಅಂದಿದ್ದರು. ಪೇಪರಿನಲ್ಲಿ ಓದಿ ನಾನೂ ಸರಿ ಅಂತ ತಲೆಯಾಡಿಸಿದ್ದೆ. ಆಮೇಲೆ ಹೋಗಿ ಅರ್ಜಿಯನ್ನೂ ಹಾಕಿದೆ. ಎರಡೂ ನಿಜ, ಏನು ಮಾಡೋದು?

ಹೋದ ವರ್ಷದವರೆಗೆ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ, ಅಂತ ಒಂದು ದಾರಿ ಇತ್ತು. ಖಾಸಗಿ ಶಾಲೆಗಳ ನೂರಕ್ಕೆ 25 ಸೀಟು ನಮ್ಮಂಥವರ ಮಕ್ಕಳಿಗೆ, ಫೀಸು ಸರ್ಕಾರದ್ದು. ಪಕ್ಕದ ಮನೆ ಹುಡುಗ ಹಾಗೇ ಸೇರಿದ್ದು. ಈ ವರ್ಷ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಸೀಟು ಕೊಡಬೇಕಾಗಿಲ್ಲ. ಸರ್ಕಾರಿ ಶಾಲೆ ಇಲ್ಲದ ಜಾಗ ನಮ್ಮೂರಲ್ಲಿ ಎಲ್ಲಿದೆ? ಹಾಗಾಗಿ ಆ ಬಾಗಿಲು ಮುಚ್ಚಿತು. ಅಲ್ಲಿಗೆ ಹೋಗಬೇಕಿದ್ದವರೆಲ್ಲ ಈ 30 ಸೀಟಿನ ಕಡೆ ತಿರುಗಿದರು.

ನನ್ನದು ಶಾಲೆ ಎದುರಿನ ಜೆರಾಕ್ಸ್ ಅಂಗಡಿ. ಯಾರ್ಯಾರು ಅರ್ಜಿ ಹಾಕುತ್ತಿದ್ದಾರೆ ಅಂತ ಹೆಡ್‌ಮಾಸ್ಟರಿಗಿಂತ ಮೊದಲೇ ನನಗೆ ಗೊತ್ತಾಗುತ್ತಿತ್ತು. ಜನನ ಪ್ರಮಾಣಪತ್ರ, ಆಧಾರ್, ನಾಡಕಚೇರಿಯ ಜಾತಿ-ಆದಾಯ ಪತ್ರ, ರೇಷನ್ ಕಾರ್ಡು, ಎಲ್ಲ ನನ್ನ ಮೆಷಿನ್ ಮೇಲೇ ಹಾದುಹೋಗಬೇಕಲ್ಲ. ಹೋದ ವಾರ ಹೂವು ಮಾರುವ ಅಕ್ಕ ಒಬ್ಬರು ಬಂದರು. ಮಗಳ ಜನನ ಪತ್ರದಲ್ಲಿ ಹೆಸರಿನ ಜಾಗ ಖಾಲಿ. ಆಸ್ಪತ್ರೆಯಲ್ಲಿ ಹುಟ್ಟಿದಾಗ ಬರೆಸಿದ್ದು, ನಾಮಕರಣ ಆದಮೇಲೆ ಯಾರೂ ಹೋಗಿ ಹೆಸರು ಸೇರಿಸಿಲ್ಲ. ಪುರಸಭೆಗೆ ಹೋಗಿ ಸೇರಿಸಿಕೊಂಡು ಬನ್ನಿ ಅಂದೆ. ಅರ್ಜಿಯ ಕೊನೇ ದಿನ ಸಂಜೆ ಓಡುತ್ತಾ ಬಂದರು, ಒಂದು ಕೈಯಲ್ಲಿ ಪತ್ರ, ಇನ್ನೊಂದರಲ್ಲಿ ಮಲ್ಲಿಗೆ ಬುಟ್ಟಿ. ಜೆರಾಕ್ಸಿಗೆ ದುಡ್ಡು ತಗೊಳ್ಳಲಿಲ್ಲ. ಬಲವಂತ ಮಾಡಿ ಒಂದು ಮೊಳ ಹೂವು ಇಟ್ಟು ಹೋದರು.

ಇನ್ನೊಬ್ಬರದು ವಯಸ್ಸಿನ ಗೋಳು. ಜೂನ್ 1ಕ್ಕೆ 5 ವರ್ಷ 5 ತಿಂಗಳು ತುಂಬಿರಬೇಕಿತ್ತು. ಅವರ ಹುಡುಗ ಜನವರಿ ಮೊದಲ ವಾರದಲ್ಲಿ ಹುಟ್ಟಿದ್ದು. ‘ಸ್ವಲ್ಪ ತಿದ್ದಿ ಜೆರಾಕ್ಸ್ ಮಾಡಿಕೊಡಿ ಅಣ್ಣ’ ಅಂದರು. ಕೈ ಮುಗಿದು ಕಳಿಸಿದೆ.

ಇವತ್ತು ಹತ್ತು ಗಂಟೆಗೆ ಚೀಟಿ ಎತ್ತುವುದು ಅಂತ ನೋಟಿಸ್ ಹಾಕಿದ್ದರು. ಅಂಗಳದಲ್ಲಿ ಎಂಪಿ ಎಲೆಕ್ಷನ್ ರಿಸಲ್ಟಿನ ಮಾತು ಇನ್ನೂ ಮುಗಿದಿರಲಿಲ್ಲ. 70ಕ್ಕೂ ಮೇಲೆ ಅರ್ಜಿ. ಹೆಡ್‌ಮಾಸ್ಟರು ಜಾಣರು. ಪ್ರತಿಯೊಬ್ಬರ ಕೈಗೂ ಅವರ ಮಗುವಿನ ಹೆಸರಿನ ಚೀಟಿ ಕೊಟ್ಟು, ‘ನೀವೇ ಓದಿ, ನೀವೇ ಮಡಚಿ, ನೀವೇ ಹಾಕಿ’ ಅಂದರು. ಬಿಸಿಯೂಟದ ಸ್ಟೀಲ್ ಪಾತ್ರೆಗೆ ಎಲ್ಲರೂ ಹಾಕಿದೆವು. ದಪ್ಪಗೆ ಮಡಚಿದರೆ ಬೇಗ ಕೈಗೆ ಸಿಗುತ್ತೆ ಅಂತ ಒಬ್ಬರು ಹೇಳಿದ್ದೇ ತಡ, ಅರ್ಧ ಜನ ತಮ್ಮ ಚೀಟಿ ಬಿಚ್ಚಿ ಮತ್ತೆ ಮಡಚಿದರು. ಅಡುಗೆ ಅಕ್ಕ ಸೌಟು ಹಾಕಿ ಕಲಕಿದರು. ಅಂಗನವಾಡಿಯ ಪುಟ್ಟ ಹುಡುಗಿ ಎತ್ತಿ ಕೊಟ್ಟಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಓದಿದರು.

ಹೂವಿನ ಅಕ್ಕನ ಮಗಳ ಹೆಸರು ಬಂತು. ನನ್ನ ಮಗಳದ್ದು ವೇಟಿಂಗ್ ಲಿಸ್ಟಿನಲ್ಲಿ.

ಚೀಟಿಯ ಬಗ್ಗೆ ನನಗೆ ಏನೂ ತಕರಾರಿಲ್ಲ. ಶಿಫಾರಸು ನಡೆಯಲಿಲ್ಲ, ಅದೇ ದೊಡ್ಡದು. ಆದರೆ ಕನ್ನಡ ಸೆಕ್ಷನ್ ನೋಡಿ ಹೊಟ್ಟೆ ಉರಿಯಿತು. ಅಲ್ಲಿ ಇವತ್ತಿಗೆ ಹತ್ತು ಮಕ್ಕಳೂ ಆಗಿಲ್ಲ. ಅದೇ ಕಟ್ಟಡ, ಅದೇ ಬಿಸಿಯೂಟ, ಅದೇ ಹಾಲು. ಟೀಚರೂ ಅವರೇ! ಇಂಗ್ಲಿಷ್ ಸೆಕ್ಷನ್‌ಗೆ ಅಂತ ಹೊಸಬರು ಯಾರೂ ಬಂದಿಲ್ಲ, ಇದ್ದವರಿಗೇ ತರಬೇತಿ ಕೊಟ್ಟಿದ್ದಾರೆ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಒಂದು ಪಾಠವಾಗಿ 2007ರಿಂದಲೇ ಇದೆ. ಹಾಗಿದ್ದರೆ ನಾವು ಇಷ್ಟು ಜನ ಗುದ್ದಾಡಿದ್ದು ಬಾಗಿಲ ಮೇಲಿನ ಬೋರ್ಡಿಗೆ ಅಲ್ವಾ? ಗಣಿತ, ಪರಿಸರ ಪಾಠವೂ ಇಂಗ್ಲಿಷಿನಲ್ಲೇ ಇರುತ್ತೆ, ಅದು ವ್ಯತ್ಯಾಸ. ಮನೆಯಲ್ಲಿ ಅದನ್ನು ಹೇಳಿಕೊಡುವವರು ಯಾರು ಅನ್ನೋದು ಬೇರೆ ಮಾತು.

ಮನೆಗೆ ಬಂದರೆ ಇವಳ ಮುಖ ಸಪ್ಪಗಾಗಿತ್ತು. ‘ರೀ, ಚೈನು ಅಡ ಇಟ್ಟಾದ್ರೂ ಕಾನ್ವೆಂಟಿಗೆ ಸೇರಿಸೋಣ’ ಅಂದಳು. ಈ ವರ್ಷ ಇಡಬಹುದು, ಮುಂದಿನ ವರ್ಷ ಏನು ಇಡೋದು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವಳೇ, ‘ನಲಿ-ಕಲಿ ಮಾಡೋ ಆ ಟೀಚರ್ ಒಳ್ಳೆಯವರಂತೆ, ಹೌದಾ?’ ಅಂತ ಕೇಳಿದಳು. ಹೌದು, ನಲಿ-ಕಲಿ ಅಂದರೆ ಆಟ, ಚಟುವಟಿಕೆಯ ಮೂಲಕ ಕಲಿಸೋದು; ಅದರ ಕಾರ್ಡುಗಳನ್ನು ನಮ್ಮ ಅಂಗಡಿಗೆ ಬಂದು ಲ್ಯಾಮಿನೇಷನ್ ಮಾಡಿಸುತ್ತಾರೆ, ಸ್ವಂತ ದುಡ್ಡಿನಲ್ಲಿ.

ಮಧ್ಯಾಹ್ನವೇ ಹೋಗಿ ಕನ್ನಡ ಸೆಕ್ಷನ್‌ನಲ್ಲಿ ಹೆಸರು ಬರೆಸಿದೆವು. ಇಂಗ್ಲಿಷ್ ಕಡೆ ಯಾರಾದರೂ ಬಿಟ್ಟರೆ ಕರೆಯುತ್ತೇವೆ ಅಂದಿದ್ದಾರೆ. ಕರೆದರೆ ಹೋಗಬೇಕಾ ಅನ್ನೋದನ್ನ ನಾವಿಬ್ಬರೂ ಇನ್ನೂ ಮಾತಾಡಿಲ್ಲ. ನಾಡಿದ್ದು 29ಕ್ಕೆ ಶಾಲೆ ಶುರು. ಬ್ಯಾಗು ಪಿಂಕ್ ಬಣ್ಣದ್ದೇ ಆಗಬೇಕಂತೆ, ನಾಳೆ ಸಂತೆಯಲ್ಲಿ ಹುಡುಕಬೇಕು.