ಆರ್ಡರ್ ತಂದಿದ್ದು ಯಾರ ರೀಲ್? ಜೀರಿಗೆ ಮೆಣಸು ಹೇಳಿತು

ಅತ್ತಿಗೆ ಮಾಡಿ ಮಾರುವ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿಗೆ ಯಾರ ರೀಲ್‌ನಿಂದ ಆರ್ಡರ್ ಬರುತ್ತಿದೆ ಅನ್ನೋದು ಕೊನೆಗೂ ಗೊತ್ತಾಯಿತು. ಈ ಸೀಸನ್ ಪೂರ್ತಿ ತಲೆ ತಿಂದ ಪ್ರಶ್ನೆ ಇದು.

ಮಿಡಿ ಆರಿಸಿದ್ದು, ಉಪ್ಪಿಗೆ ಹಾಕಿದ್ದು, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನಲ್ಲಿ ನೋಂದಣಿ, ವಾಟ್ಸ್ಯಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್, ಇವೆಲ್ಲ ಮೊದಲೇ ಮುಗಿದಿತ್ತು. ನೇರ ವಿಷಯಕ್ಕೆ ಬರ್ತೀನಿ. ರೀಲ್ ಮಾಡಲಿ ಅಂತ ಮೂವರಿಗೆ ಬಾಟಲಿ ಕಳಿಸಿದ್ದೆವು. ಒಬ್ಬರು ಬೆಂಗಳೂರಿನ ದೊಡ್ಡ ಫುಡ್ ಪೇಜ್‌ನವರು. ಇನ್ನೊಬ್ಬ ಶಿವಮೊಗ್ಗದ ತಿಂಡಿ ಗಾಡಿಗಳನ್ನೆಲ್ಲ ಸುತ್ತಿ ವಿಡಿಯೋ ಮಾಡುವ ಹುಡುಗ. ಮತ್ತೊಬ್ಬರು ತೀರ್ಥಹಳ್ಳಿ ಕಡೆಯ ಅಕ್ಕ, ತಮ್ಮ ಅಡುಗೆಮನೆ ಬಿಟ್ಟು ಆಚೆ ಕ್ಯಾಮೆರಾ ಒಯ್ಯುವವರಲ್ಲ.

ಮೂವರಿಗೂ ಬೇರೆ ಬೇರೆ ವಾಟ್ಸ್ಯಾಪ್ ಲಿಂಕ್ ಮಾಡಿಕೊಟ್ಟೆ. ಒತ್ತಿದರೆ 'ತೀರ್ಥಹಳ್ಳಿ ಅಕ್ಕನ ವಿಡಿಯೋ ನೋಡಿದೆ' ಅಂತ ಮೆಸೇಜ್ ಮೊದಲೇ ಬರೆದಿರುತ್ತದೆ, ಕಳಿಸಿದರೆ ಸಾಕು. ಜನ ಅದನ್ನು ಪೂರ್ತಿ ಅಳಿಸಿ 'ರೇಟ್ ಎಷ್ಟು?' ಅಂತ ಬರೀತಾರೆ! ಇನ್ಸ್ಟಾಗ್ರಾಂ ಕ್ಯಾಪ್ಷನ್‌ನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯೋದೇ ಇಲ್ಲ. ಬಯೋಗೆ ಹೋಗಬೇಕು, ಇಲ್ಲಾಂದ್ರೆ ಸ್ಟೋರಿಯಲ್ಲಿ ಸ್ಟಿಕ್ಕರ್ ಇರಬೇಕು. ಸ್ಟೋರಿ 24 ಗಂಟೆಗೆ ಮಾಯ.

ಇದಕ್ಕಿಂತ ದೊಡ್ಡ ತೊಡಕು ಬೇರೆ. ರೀಲ್ ನೋಡುವವರು ಒಬ್ಬರು, ಉಪ್ಪಿನಕಾಯಿ ಕೊಳ್ಳುವವರು ಇನ್ನೊಬ್ಬರು. ಮಗಳು ಸ್ಕ್ರೀನ್‌ಶಾಟ್ ತೆಗೆದು ಮನೆಯವರ ಗ್ರೂಪಿಗೆ ಹಾಕ್ತಾಳೆ. ದೊಡ್ಡಮ್ಮ ಅದರಲ್ಲಿರೋ ನಂಬರಿಗೆ ಫೋನ್ ಮಾಡ್ತಾರೆ. ಎಲ್ಲಿ ನೋಡಿದ್ರಿ ಅಂದರೆ 'ಮೊಬೈಲಲ್ಲಿ ಬಂದಿತ್ತು ಮಾರಾಯ' ಅಂತಾರೆ. ಅವರ ಹತ್ತಿರ ಕೂಪನ್ ಕೋಡ್ ಕೇಳೋಕಾಗುತ್ತಾ?

ದಾರಿ ತೋರಿಸಿದ್ದೂ ಇಂಥದ್ದೇ ಒಂದು ಫೋನು. 'ಬಾಟಲಿ ಪಕ್ಕ ಜೀರಿಗೆ ಮೆಣಸು ಇಟ್ಟಿದ್ರಲ್ಲ, ಅದೂ ಸಿಗುತ್ತಾ?' ಅಂತ ಒಬ್ಬರು ಅತ್ತಿಗೆಯನ್ನು ಕೇಳಿದರು. ಜೀರಿಗೆ ಮೆಣಸು, ಅಂದರೆ ಆ ಪುಟ್ಟ ಖಾರದ ಮೆಣಸಿನಕಾಯಿ, ಇದ್ದದ್ದು ತೀರ್ಥಹಳ್ಳಿ ಅಕ್ಕನ ರೀಲ್‌ನಲ್ಲಿ ಮಾತ್ರ! ಅಲ್ಲಿಂದ ಲಿಂಕ್, ಕೋಡ್ ಎಲ್ಲ ಬಿಟ್ಟೆವು. ಮೂವರ ಹತ್ತಿರವೂ ಹೊಸ ರೀಲ್ ಮಾಡಿಸಿ, ಬಾಟಲಿ ಜೊತೆ ಪುಕ್ಕಟೆ ಬರುತ್ತೆ ಅಂತ ಒಂದೊಂದರಲ್ಲಿ ಒಂದೊಂದು ಕೊಸರು ಹೇಳಿಸಿದೆವು. ಬೆಂಗಳೂರಿನವರದ್ದರಲ್ಲಿ ಚಟ್ನಿಪುಡಿ, ಹುಡುಗನದ್ದರಲ್ಲಿ ಮುರುಗಲು (ಕೋಕಂ) ಸಿಪ್ಪೆ, ಅಕ್ಕನದ್ದರಲ್ಲಿ ಒಣ ಜೀರಿಗೆ ಮೆಣಸು. ಈಗ ನಾವು ಏನೂ ಕೇಳಬೇಕಾಗಿಲ್ಲ. ಪುಕ್ಕಟೆ ಬರೋದನ್ನು ದೊಡ್ಡಮ್ಮ ಮರೆಯಲ್ಲ, ತಾವೇ ನೆನಪಿಸ್ತಾರೆ.

ಚಟ್ನಿಪುಡಿ ಪೊಟ್ಟಣ ಇನ್ನೂ ಡಬ್ಬಿ ತುಂಬ ಇವೆ. ಜೀರಿಗೆ ಮೆಣಸು ಖಾಲಿಯಾಗಿ ಪಕ್ಕದ ಮನೆ ಹಿತ್ತಲಿಗೆ ಹೋಗಬೇಕಾಯಿತು. ವ್ಯೂಸ್ ಜಾಸ್ತಿ ಬಂದಿದ್ದು ಬೆಂಗಳೂರಿನ ಪೇಜಿಗೇ. ಆದರೆ ಅಕ್ಕನ ರೀಲ್ ನೋಡಬೇಕು ನೀವು. ತೊಟ್ಟು ಹಿಡಿದು ಮಿಡಿ ಎತ್ತುತ್ತಾರೆ, ರಸ ಇಳಿಯೋವರೆಗೆ ಕಾಯ್ತಾರೆ, ಮಜ್ಜಿಗೆ ಅನ್ನದ ಜೊತೆ ಕಚ್ಚುತ್ತಾರೆ. ಕಟಕ್ ಅನ್ನೋ ಸದ್ದು ಚೆನ್ನಾಗಿ ಕೇಳುತ್ತೆ, ಹಿಂದೆ ಮ್ಯೂಸಿಕ್ಕೇ ಇಲ್ಲ. ಆಮೇಲೆ 'ಉಪ್ಪು ಸ್ವಲ್ಪ ಮುಂದಿದೆ, ಒಂದು ತಿಂಗಳು ಬಿಟ್ಟು ತಿನ್ನಿ' ಅಂತಾರೆ. ಅತ್ತಿಗೆಗೆ ಮೊದಲು ಸಿಟ್ಟು ಬಂತು. ನನ್ನ ಪ್ರಕಾರ ಆರ್ಡರ್ ತಂದಿದ್ದೇ ಆ ಮಾತು. ಆ ರೀಲ್‌ಗೆ ಲೈಕ್‌ಗಿಂತ ಸೇವ್, ಶೇರ್ ಜಾಸ್ತಿ.

ಇನ್ನೊಂದು ವಿಷಯ. 'ಜಾಹೀರಾತು ಅಂತ ಹಾಕಿದರೆ ರೀಚ್ ಬೀಳುತ್ತೆ' ಅಂತ ಹುಡುಗ ಹಟ ಹಿಡಿದಿದ್ದ. ಹಾಕಲೇಬೇಕು. ಜಾಹೀರಾತು ಕ್ಷೇತ್ರದ ಸ್ವನಿಯಂತ್ರಣ ಸಂಸ್ಥೆ ಎಎಸ್‌ಸಿಐ 2021ರಲ್ಲಿ ತಂದ ನಿಯಮ, 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಕೊಟ್ಟ ಮಾರ್ಗಸೂಚಿ, ಎರಡೂ ಅದನ್ನೇ ಹೇಳುತ್ತವೆ. ದುಡ್ಡು ಕೊಡದೆ ಬರೀ ಬಾಟಲಿ ಕೊಟ್ಟಿದ್ದರೂ ಹೇಳಲೇಬೇಕು. ಅಕ್ಕ ಬಾಯಲ್ಲೇ ಹೇಳಿದ್ದರು, ಅವರಿಗೇನೂ ನಷ್ಟ ಆಗಲಿಲ್ಲ.

ಬಾಟಲಿಯವರ ಕಥೆ ಕೇಳಬೇಡಿ. ಈ ಸಲದ ಮುಚ್ಚಳಗಳ ತಿರುಪು ಸರಿಯಾಗಿ ಕೂರುತ್ತಿಲ್ಲ. ಕೊರಿಯರ್ ಚೀಲ ಅಲುಗಾಡಿದರೆ ರಸ ಲೇಬಲ್ ಮೇಲೆ. ಫೋನ್ ಮಾಡಿದರೆ 'ಗಟ್ಟಿಯಾಗಿ ತಿರುಗಿಸಿ' ಅಂತ ಪಾಠ ಹೇಳ್ತಾರೆ.

ಮುಂದಿನದು ಹಲಸಿನ ಹಪ್ಪಳ. ಅಲ್ಲಿ ಸೋರುವ ತಲೆನೋವಿಲ್ಲ, ಆದರೆ ಮುರಿಯುತ್ತೆ. ಮಳೆ ಹಿಡಿಯೋ ಮೊದಲೇ ಒಣಗಿಸೋದನ್ನೆಲ್ಲ ಶೂಟ್ ಮಾಡಿಟ್ಟುಕೊಳ್ಳಬೇಕು, ರೀಲ್ ಬಿಡೋದು ಮಳೆಗಾಲದಲ್ಲಿ. ಅಕ್ಕ ಒಪ್ಪಿದ್ದಾರೆ. ಅವರ ಹಪ್ಪಳದ ಜೊತೆ ಏನು ಕೊಸರು ಕೊಡೋದು ಅಂತ ಮನೆಯಲ್ಲಿ ಇನ್ನೂ ಜಗಳ ನಡೀತಿದೆ. ಶಿವಮೊಗ್ಗ ಸುತ್ತಮುತ್ತ ಸೋರದ ಮುಚ್ಚಳ ಕೊಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.