ಹಲಗೆಯ ಬಲಮೂಲೆ

ನಮ್ಮ ತರಗತಿಯ ಕರಿಹಲಗೆಯ ಬಲಗಡೆಯ ಮೇಲ್ಮೂಲೆಯನ್ನು ಬೇರೆ ಯಾವ ಉಪಾಧ್ಯಾಯರೂ ಒರೆಸುತ್ತಿರಲಿಲ್ಲ. ಗಣಿತದ ಮೇಷ್ಟ್ರು ದಿನವೂ ಬೆಳಗ್ಗೆ ಪತ್ರಿಕೆ ನೋಡಿಕೊಂಡು ಬಂದು ಅಲ್ಲಿ ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರದ, ನೀರಿನ ಮಟ್ಟವನ್ನು ಬರೆದಿಡುತ್ತಿದ್ದರು. ಲೆಕ್ಕಕ್ಕೆ ಇಂಗ್ಲಿಷ್ ಅಂಕಿ, ನೀರಿಗೆ ಕನ್ನಡ ಅಂಕಿ ಎಂಬುದು ಅವರು ತಾವೇ ಮಾಡಿಕೊಂಡಿದ್ದ ನಿಯಮ. 2025ರ ಮಾರ್ಚ್ ತಿಂಗಳಲ್ಲಿ, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, ಮೇಷ್ಟ್ರು ಮಂಡ್ಯದ ಮನೆಯಲ್ಲಿ ತೀರಿಕೊಂಡರು. ಶಾಲೆಯ ಸಂಚಿಕೆಗೆ ಅವರ ಬಗ್ಗೆ ಬರೆದುಕೊಡಿ ಎಂದು ಕೇಳಿದಾಗ ನನ್ನ ಕಣ್ಣಿಗೆ ಮೊದಲು ಕಟ್ಟಿದ್ದು ಆ ಮೂಲೆಯೇ.

ಮೇಷ್ಟ್ರ ತಂದೆ ನಾಲೆ ಬರುವ ಮುಂಚಿನ ಮಂಡ್ಯವನ್ನು ಕಂಡವರು. ರಾಗಿ, ಹುರುಳಿ ಬಿತ್ತಿ ಮುಗಿಲು ನೋಡುತ್ತ ಕೂತವರು. ಹಾಗಾಗಿ 1911ರಲ್ಲಿ ಕಟ್ಟೆಯ ಕೆಲಸ ಆರಂಭವಾದದ್ದು, ನಾಲೆಯ ಹಿಂದೆಯೇ 1933ರಲ್ಲಿ ಸಕ್ಕರೆ ಕಾರ್ಖಾನೆ ಬಂದದ್ದು, 1939ರಲ್ಲಿ ಮಂಡ್ಯ ಜಿಲ್ಲೆಯಾದದ್ದು, ಇವೆಲ್ಲ ಅವರ ಬಾಯಲ್ಲಿ ಮನೆಯ ಸಮಾಚಾರದಂತೆ ಬರುತ್ತಿದ್ದವು. ಬೇಸಿಗೆಯಲ್ಲಿ ನೀರು ತೀರ ಇಳಿದು, ಮುಳುಗಿದ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ ಹೊರಗೆ ಕಂಡ ದಿನ, ಅಂಕಿಯ ಕೆಳಗೆ ‘ಗುಡಿ ಕಾಣುತ್ತಿದೆ’ ಎಂದು ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದರು. ಕಾರ್ಖಾನೆಯ ಕಡೆಯಿಂದ ಕಾಕಂಬಿಯ ವಾಸನೆ ಬೀಸುತ್ತಿದ್ದ ಆ ಕೊಠಡಿಯಲ್ಲಿ ನಾವು ಕಲಿತ ಬೀಜಗಣಿತ ಯಾವುದು, ರೇಖಾಗಣಿತ ಯಾವುದು ಎಂಬುದು ಈಗ ಹೆಚ್ಚೇನೂ ನೆನಪಿಲ್ಲ.

ಅವರ ಮನೆಯವರಿಗೆ ಕೈಬೆರಳುಗಳ ಕೀಲುನೋವಿತ್ತು. ಆದ್ದರಿಂದ ಇಬ್ಬರು ಹೆಣ್ಣುಮಕ್ಕಳಿಗೂ ಬೆಳಗ್ಗೆ ತಲೆ ಬಾಚಿ ಎರಡೆರಡು ಜಡೆ ಹಾಕುವ ಕೆಲಸ ಮೇಷ್ಟ್ರದೇ. ಗಂಡಸೊಬ್ಬ ಜಗಲಿಯ ಮೇಲೆ ಕೂತು ಜಡೆ ಹೆಣೆಯುವುದನ್ನು ಆ ಕಾಲದಲ್ಲಿ ಬೀದಿಯವರು ನಿಂತು ನೋಡುತ್ತಿದ್ದರು. ಅವರು ಒಮ್ಮೆಯೂ ಒಳಗೆ ಎದ್ದುಹೋದವರಲ್ಲ. ಅವಸರದಲ್ಲಿ ಶಾಲೆಗೆ ಬಂದು ಕರವಸ್ತ್ರವೆಂದು ಜೇಬಿನಿಂದ ಕೆಂಪು ರಿಬ್ಬನ್ ತೆಗೆದು ಬೆವರು ಒರೆಸಿಕೊಂಡದ್ದೂ ಉಂಟು. ಅವರು ಬರೆಯುತ್ತಿದ್ದ ಕನ್ನಡದ ನಾಲ್ಕು ಕೂಡ ಹಾಗೆಯೇ, ಗಂಟು ಹಾಕಿದ ರಿಬ್ಬನ್ನಿನಂತೆ, ಎರಡು ತುದಿಗಳನ್ನು ಮೇಲಕ್ಕೆ ಚಾಚಿಕೊಂಡಿರುತ್ತಿತ್ತು.

ಕಟ್ಟೆ ತುಂಬಿದ ದಿನ ಇಡೀ ತರಗತಿಗೆ ಮದ್ದೂರು ವಡೆ ತರಿಸುವುದು ಅವರ ವಾಡಿಕೆ. ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ ಮಳೆ ತಡವಾಯಿತು, ಮಟ್ಟ ನೂರು ಅಡಿಯ ಆಸುಪಾಸಿನಲ್ಲಿಯೇ ನಿಂತುಬಿಟ್ಟಿತು. ಒಂದು ಬೆಳಗ್ಗೆ ಗೆಳೆಯರ ಒತ್ತಾಯಕ್ಕೆ ನಾನು ಬೆಂಚು ಹತ್ತಿ, ಅವರ ಅಂಕಿಗಳನ್ನೇ ಅನುಸರಿಸಿ, ಕಟ್ಟೆ ತುಂಬಿದಾಗಿನ ಮಟ್ಟವಾದ ೧೨೪.೮೦ ಎಂದು ಬರೆದೆ. ಬರಹವನ್ನು ಅನುಕರಿಸುವುದರಲ್ಲಿ ಶಾಲೆಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಮೇಷ್ಟ್ರು ಬಂದು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ, “ಪುಸ್ತಕ ತೆಗೆಯಿರಪ್ಪ. ತುಂಬಿದ ಕಟ್ಟೆಯಲ್ಲಿ ಸುಮಾರು 49 ಟಿಎಂಸಿ ನೀರು. ನಿನ್ನೆ ಅರ್ಧ ಇತ್ತು ಎಂದಿಟ್ಟುಕೊಳ್ಳಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ದಿನಕ್ಕೆ 86,400 ಸೆಕೆಂಡು. ಒಂದೇ ದಿನದಲ್ಲಿ ತುಂಬಬೇಕಾದರೆ ಒಳಹರಿವು ಸೆಕೆಂಡಿಗೆ ಎಷ್ಟು ಘನ ಅಡಿ, ಅಂದರೆ ಎಷ್ಟು ಕ್ಯುಸೆಕ್ ಇರಬೇಕು?” ಎಂದರು. ಸೊನ್ನೆಗಳ ಜೊತೆ ಗುದ್ದಾಡಿ, ಗಂಟೆ ಹೊಡೆಯುವ ಹೊತ್ತಿಗೆ ಎರಡು ಲಕ್ಷ ಎಂಬತ್ತು ಸಾವಿರಕ್ಕೂ ಮೇಲೆ ಎಂಬ ಉತ್ತರ ತಂದೆವು. “ಇಷ್ಟು ನೀರನ್ನು ನಿಮ್ಮಲ್ಲೊಬ್ಬರು ರಾತ್ರೋರಾತ್ರಿ ತಂದಿದ್ದೀರಿ. ಶ್ರೀರಂಗಪಟ್ಟಣದವರಿಗೆ ಒಂದು ಮಾತು ಹೇಳಿದಿರಾ?” ಎಂದು ಕೇಳಿ, ನನ್ನ ಕಡೆ ತಿರುಗದೆಯೇ, “ಅಂಕಿ ಚೆನ್ನಾಗಿದೆ. ನಾಲ್ಕರ ತುದಿ ಇನ್ನೂ ಸ್ವಲ್ಪ ಮೇಲಕ್ಕೆ ಹೋಗಬೇಕು” ಎಂದು ಅದನ್ನು ಒರೆಸಿದರು. ಮುಂದೆ ನಾನು ನೀರಾವರಿ ಎಂಜಿನಿಯರಾಗಿ ಮೂವತ್ತಮೂರು ವರ್ಷ ನಾಲೆಗಳ ಮೇಲೆ ಓಡಾಡಿದೆ. ಒಳಹರಿವಿನ ಲೆಕ್ಕವನ್ನು ಕಾಗದವಿಲ್ಲದೆ ಹೇಳುತ್ತೇನೆಂದು ಮೇಲಧಿಕಾರಿಗಳು ಮೆಚ್ಚುತ್ತಿದ್ದರು. ಆ ಲೆಕ್ಕ ಕೂತದ್ದು ಅಂದೇ.

ಇಂದಿನ ಮಕ್ಕಳು ನಮಗಿಂತ ಚುರುಕು, ಅನುಮಾನವಿಲ್ಲ. ಆದರೆ ನಾಲೆಯ ಏರಿಯ ಮೇಲೆಯೇ ಶಾಲೆಯ ಬಸ್ಸಿನಲ್ಲಿ ಹೋಗುವ ನನ್ನ ಮೊಮ್ಮಗನಿಗೆ ಆ ನೀರು ಎಲ್ಲಿಂದ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಪಾಠ ಮುಗಿಸುವ ಗಡಿಬಿಡಿಯಲ್ಲಿ ಹಲಗೆಯ ಒಂದು ಮೂಲೆಯನ್ನು ಊರಿಗೆಂದು ಬಿಟ್ಟುಕೊಡಲು ಈಗಿನ ಉಪಾಧ್ಯಾಯರಿಗೆ ಪುರಸೊತ್ತು ಕೊಡಬೇಕಲ್ಲವೇ ಎಂದು ನನಗೆ ವ್ಯಥೆಯಾಗುತ್ತದೆ.

ನಿವೃತ್ತರಾದ ಮೇಲೆ ಮೇಷ್ಟ್ರು ಮನೆಯ ಗೇಟಿಗೆ ಒಂದು ಸ್ಲೇಟು ತೂಗುಹಾಕಿದರು. ಹಾಲು ಹಾಕಲು ಹೋಗುವ ರೈತರು ಸೈಕಲ್ ನಿಲ್ಲಿಸಿ ಅದನ್ನು ನೋಡಿ, ನಾಟಿಯ ಮಾತಾಡಿಕೊಂಡು ಹೋಗುತ್ತಿದ್ದರು. ಮಳೆ ಕೈಕೊಟ್ಟ 2023ರಲ್ಲಿ ಅವರು ಸ್ಲೇಟಿನ ಮುಂದೆ ನಿಂತು ನಿಟ್ಟುಸಿರು ಬಿಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಅವರ ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟ ದಿನ ಕಾವೇರಿ ಕಲ್ಲುಗಳ ನಡುವೆ ಸಣ್ಣಗೆ ಹರಿಯುತ್ತಿತ್ತು.

ಅವರು ತೀರಿಕೊಂಡ ವರ್ಷವೇ, ಜೂನ್ ಕೊನೆಯಲ್ಲಿಯೇ ಕನ್ನಂಬಾಡಿ ತುಂಬಿತು. ಅಂದು ಬೆಳಗ್ಗೆ ಮೇಷ್ಟ್ರ ಹಿರಿಯ ಮಗಳು ಫೋನ್ ಮಾಡಿ, “ಅಣ್ಣ, ಸ್ಲೇಟಿನಲ್ಲಿ ಬರೆಯಬೇಕು, ನನ್ನ ಕೈ ಬರುತ್ತಿಲ್ಲ. ನಿಮ್ಮ ಅಂಕಿ ತಮ್ಮದರ ಹಾಗೆಯೇ ಇರುತ್ತೆ ಅಂತ ಅಪ್ಪ ಯಾವಾಗಲೂ ಹೇಳುತ್ತಿದ್ದರು” ಎಂದರು. ನಾನು ಹೋಗಿ ಬರೆದೆ. ನಾಲ್ಕರ ತುದಿಗಳನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎಳೆದೆ.